ನಮ್ಮ ಕಡೆಯ ಗುತ್ತೇದಾರ

ಹೈದರಾಬಾದಿನಾಗ ಮನಿ ಕಟ್ಟಸೋ ನಮ್ಮ ಮಂದ್ಯಾಗ ಯಾರರ ಒಬ್ಬರು ಇದನ್ನ ಓದಿ ಆ ಗುತ್ತೇದಾರನ್ನ ಕರಿಯೋದು ಬಿಟ್ರ ನನಗ ಅಷ್ಟ ಸಾಕು. ಹೆಸರು ಬರಿಯಂಗಿಲ್ಲ. ಮೊಬೈಲಿನಾಗ ಒಂದೊಂದ ಅಕ್ಷರ ಹುಡುಕಿ ಒತ್ತಾಕತ್ತೀನಿ, ಭಾಳ ಹೊತ್ತು ಹಿಡಿತೈತಿ. ಹಿಡೀಲಿ. ಸಿಟ್ಟು ಇನ್ನೂ ಆರಿಲ್ಲ.

ನಾವು ಮನಿ ಕಟ್ಟಸಿದಾಗ ಹೈದರಾಬಾದ್ ಆಂಧ್ರದ ರಾಜಧಾನಿ. ನಾನು ರಾಯಚೂರ ಕಡೆ ಸಣ್ಣ ಊರಾಂವ. ಮೀಸಿ ಬಂದಮ್ಯಾಲೆ ಸಾಲಿ ಕಲ್ತು, ಮೆಟ್ರಿಕ್ ಪಾಸಾಗಿ, ಸಿಕಂದರಾಬಾದಿನ ಒಂದ ಆಫೀಸಿನಾಗ ಗುಮಾಸ್ತ ಆಗಿದ್ದೆ. ಉಪ್ಪಲ್‌ನಾಗ ಒಂದು ಪ್ಲಾಟ್ ತಗೊಂಡಿದ್ವಿ. ನಮ್ಮಾಕಿ ಬಾಡಿಗಿ ಮನ್ಯಾಗ ಸೋರೋ ಮೂಲ್ಯಾಗ ಒಲಿ ಹಚ್ಚಿ ಹಚ್ಚಿ ದಣದಿದ್ಲು. ಆಕಿ ಬೇಡಿದ್ದು ಒಂದ: ಒಣಗಿದ ಅಡಿಗಿಮನಿ.

ಇಬ್ಬರು ಗುತ್ತೇದಾರರು ಬಂದ್ರು. ಒಬ್ಬ ಕೂಕಟ್‌ಪಲ್ಲಿಯ ತೆಲುಗಾಂವ, ಮಾತು ಕಡಿಮಿ. "ಮುಂದು ನೇನು ಕಟ್ಟಿನ ಇಳ್ಳು ಚೂಡಂಡಿ ಸಾರ್," ಅಂದ. ತಾನು ಕಟ್ಟಿದ ಮನಿ ಮೊದಲ ನೋಡ್ರಿ, ಆಮ್ಯಾಲೆ ಮಾತು ಅಂತ. ನಮಗ ಅದು ಬಿರುಸ ಅನಿಸ್ತು.

ಇನ್ನೊಬ್ಬ, ಕನ್ನಡ ಮಂದಿ ಸೇರಿದ್ದ ಒಂದು ಲಗ್ನದಾಗ ಸಿಕ್ಕಾಂವ. ನನ್ನ ಮಾತು ಕಿವಿಗೆ ಬಿದ್ದಕೂಡ್ಲೆ, "ಅಣ್ಣಾರ, ಯಾವೂರ್ರಿ?" ಅಂದ. ಹೇಳಿದೆ.

"ಅಯ್ಯ! ನಮ್ಮ ಅಕ್ಕನ್ನ ಕೊಟ್ಟದ್ದು ನಿಮ್ಮ ಬಾಜೂಕಿನ ಊರಿಗೇರಿ!"

ಆಫೀಸಿನಾಗ ತೆಲುಗು, ಬಸ್ಸಿನಾಗ ಹಿಂದಿ. ದಿನಪೂರ್ತಿ ಮಂದೀ ಮಾತು ಆಡಾಂವಗ ಆ ಒಂದು "ಅಣ್ಣಾರ" ಸಾಕಾತು. ಊಟಕ್ಕ ಕರದ್ವಿ. ನೆಲಕ್ಕ ಕುಂತು, ರೊಟ್ಟಿ ಮುರದು ಪುಂಡಿಪಲ್ಯ ಹಚ್ಕೊಂಡು, "ಅಕ್ಕಾರ, ಇಂಥಾ ರೊಟ್ಟಿ ತಿಂದು ಎಷ್ಟು ದಿನ ಆಗಿತ್ರಿ," ಅಂತ ಕಣ್ಣಾಗ ನೀರು ತಂದ. ಅಂವ ಹೋದಮ್ಯಾಲೆ ನಮ್ಮಾಕಿ, "ಏನ್ರಿ, ನಮ್ಮ ಕಡೆಯವರು ನಮಗ ಮೋಸ ಮಾಡ್ತಾರೇನು?" ಅಂದ್ಲು. ನಾನೂ ಎಲ್ಲಿ ಮಾಡ್ತಾರ ಅಂದೆ. ಅಂವ ಕಟ್ಟಿದ ಒಂದು ಮನೀನೂ ನೋಡದ ಕೆಲಸ ಅವಗ ಕೊಟ್ವಿ. ಮನ್ಯಾಗ ರೊಟ್ಟಿ ತಿಂದಾಂವನ್ನ ಪರೀಕ್ಷಾ ಮಾಡೋದು ನಮ್ಮ ಮಂದ್ಯಾಗ ಮರ್ಯಾದಿ ಅಲ್ಲ.

ಸ್ಲ್ಯಾಬ್ ಹಾಕಿದಮ್ಯಾಲೆ ಅದರ ಮ್ಯಾಲೆ ದಿನಾ ನೀರು ನಿಲ್ಲಿಸಬೇಕು. "ನೀವು ಆಫೀಸಿಗೆ ಹೋಗ್ರಿ ಅಣ್ಣಾರ, ನನ್ನ ಮಂದಿ ನೋಡ್ಕೊಂತಾರ," ಅಂದ. ಯಾರೂ ನೋಡ್ಲಿಲ್ಲ. ಸ್ಲ್ಯಾಬ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಅದರ ಮ್ಯಾಲೆ ಸಿಮೆಂಟಿನ ಗಿಲಾವು ಮೆತ್ತಿ, ಸುಣ್ಣ ಹೊಡದು ಕೊಟ್ಟ. ಮೊದಲ ಮಳಿಗೇ ಅಡಿಗಿಮನಿ ಸೋರಿತು. ಸರಿಯಾಗಿ ಒಲಿ ಮ್ಯಾಲೆ.

ಹುಡುಕ್ಕೊಂಡು ಹೋಗಿ ಹೇಳಿದೆ. ನಾಕು ಮಂದಿ ನಡುವ ಕುಂತಿದ್ದ. "ಊರಾಗ ನಿಮ್ಮ ಮಣ್ಣಿನ ಮಾಳಗಿ ಸೋರತಿದ್ದಿಲ್ಲೇನ್ರಿ ಅಣ್ಣಾರ? ಸೋರೋದರ ಕೆಳಗ ಒಂದು ಬೋಗಾಣಿ ಇಡ್ರಿ," ಅಂದ. ಎಲ್ಲಾರೂ ನಕ್ಕರು.

ಬೋಗಾಣಿ ಇಟ್ಟೆ. ಸೋರೋದನ್ನ ರಿಪೇರಿ ಮಾಡ್ಸಲಿಲ್ಲ. ನಮ್ಮವರ್ಯಾರರ ಮನಿ ಕಟ್ಟಸ್ತಾರಂತ ಸುದ್ದಿ ಬಂದ್ರ ಹೋಗಿ ಒಂದ ಮಾತು ಹೇಳ್ತಿದ್ದೆ: "ಮಳಿ ಬರೋ ದಿನ ನಮ್ಮ ಮನಿಗೆ ಚಹಾಕ್ಕ ಬರ್ರಿ." ಬಂದವರನ್ನ ಅಡಿಗಿಮನ್ಯಾಗ ನಿಲ್ಲಸ್ತಿದ್ದೆ. ಬೈತಿದ್ದಿಲ್ಲ. ಬೋಗಾಣಿನ ಟಪ್ ಟಪ್ ಅಂತ ಹೇಳತಿತ್ತು. ಹೊಳ್ಳಿ ಹೋದವರು ಅವನ್ನ ಕರೀತಿದ್ದಿಲ್ಲ. ನನಗ ಚಲೋ ನಿದ್ದಿ ಬರ್ತಿತ್ತು.

ನಮ್ಮಾಕಿಗೆ ಬರ್ತಿದ್ದಿಲ್ಲ. "ನಿಮ್ಮ ಹಟಕ್ಕ ನನ್ನ ಒಲಿ ತೊಯ್ಯಾಕತ್ತೈತಿ. ಎಂದು ಮುಗಸ್ತೀರಿ?"

"ಅಂವ ತಾನಾಗಿ ಬರ್ಲಿ," ಅಂದೆ.

ಬಂದ. ಧೋ ಧೋ ಮಳಿ ಹೊಡಿಯಾಕತ್ತಿತ್ತು, ಕೈಯಾಗ ಮಿಠಾಯಿ ಡಬ್ಬಿ. "ಅಣ್ಣಾರ, ಪೂರಾ ಸರಿ ಮಾಡಿ ಕೊಡ್ತೀನಿ. ಮಂದೀನ ಕರದು ತೋರ್ಸೋದು ಒಂದು ಬಿಡ್ರಿ. ನನ್ನ ಅನ್ನ ಹೋಗಾಕತ್ತೈತಿ."

ನಾನು ಬಾಯಿ ತಗಿಯೋದ್ರಾಗ ನಮ್ಮಾಕಿ, "ಮೊದಲ ಊಟ ಮಾಡ್ರಿ," ಅಂದ್ಲು. ಬೋಗಾಣಿ ಸರಿಸಿ, ಅದ ಜಾಗಾದಾಗ ತಾಟು ಇಟ್ಲು. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ.

ಅಂವ ತಾಟು ಸರಸಾಕ ಕೈ ಹಾಕಿದ. "ಅಲ್ಲೇ ಇರ್ಲಿ ತಮ್ಮಾ. ನಮ್ಮ ಕಡೆಯವರು ನೀವು, ನಾಚಬ್ಯಾಡ್ರಿ," ಅಂದ್ಲು ನಮ್ಮಾಕಿ.

ಹಾಕಿದ ತಾಟು ಬಿಟ್ಟು ಏಳೋದು ಹ್ಯಾಂಗ? ಕುಂತ. ಬ್ಯಾಳ್ಯಾಗ ಒಂದ ಹನಿ, ಹೆಗಲ ಮ್ಯಾಲೆ ಒಂದ ಹನಿ. ನಮ್ಮಾಕಿ ಮತ್ತ ರೊಟ್ಟಿ ಹಾಕಿದ್ಲು, "ಇಂಥಾ ರೊಟ್ಟಿ ತಿಂದು ಎಷ್ಟು ದಿನ ಆತೋ ಏನೋ," ಅಂದ್ಲು. ಅಂವ ತಲಿ ಎತ್ತದ, ತೊಯ್ದು ಮೆತ್ತಗಾದ ರೊಟ್ಟಿ ನುಂಗಿದ. ನಾನು ಗ್ವಾಡಿಗೆ ಆತು ನಿಂತು ಪೂರಾ ನೋಡಿದೆ. ಅಷ್ಟು ರುಚಿ ಊಟ ನಾನು ಉಂಡಿಲ್ಲ.

ಕೈ ತೊಳಕೊಂಡು, "ಹಂಗಾರ ನಾಳೆ ಮಂದಿ ಕಳಸ್ಲೇನ್ರಿ?" ಅಂದ.

"ಬ್ಯಾಡ," ಅಂದೆ. ಮಿಠಾಯಿ ಡಬ್ಬಿನೂ ಅವನ ಕೈಯಾಗ ಇಟ್ಟೆ.

ಮರುದಿನ ಕೂಕಟ್‌ಪಲ್ಲಿಗೆ ಹೋಗಿ ತೆಲುಗಾಂವನ್ನ ಹುಡುಕಿದೆ. ಈ ಸಲ ಅಂವ ಕಟ್ಟಿದ ಮನಿ ಮಳ್ಯಾಗ ಹೋಗಿ ನೋಡಿದೆ, ಆ ಮನಿ ಹೆಣ್ಮಗಳನ್ನ ಕೇಳಿದೆ. ಅಡಿಗಿಮನಿ ಒಣಗಿತ್ತು. ಆಮ್ಯಾಲೆ ನಮ್ಮ ಸ್ಲ್ಯಾಬ್ ಸರಿ ಮಾಡೋ ಕೆಲಸ ಕೊಟ್ಟೆ. ನಮ್ಮ ಅಡಿಗಿಮನೀನೂ ಒಣಗಿತು. ಕಡೀಕ ಬಣ್ಣ ಹಚ್ಚೋ ಮುಂದ, ಒಲಿ ಮ್ಯಾಲೆ ಸ್ಲ್ಯಾಬಿಗೆ ಸೋರಿ ಸೋರಿ ಬಿದ್ದ ಹಳದಿ ಕಲೆ ಹಂಗ ಬಿಡು ಅಂದೆ. ಅಂವ ಮಕಾ ನೋಡಿದ. ನಮ್ಮಾಕಿನೂ, "ಬಿಡಪಾ, ಅದು ಇರ್ಲಿ," ಅಂದ್ಲು.

ಇವತ್ತಿಗೂ ಐತಿ. ಮಳೀನ ಬೇಕಂತಿಲ್ಲ, ಯಾವಾಗರ ಬರ್ರಿ, ತೋರಸ್ತೀನಿ.