ಬಿಜೆನ್ ಕತ್ತಿಗೆ ಮಿನೊ ಫಲಕ

ಮೂರು ವರ್ಷದ ಹಿಂದಿನ ಮಾತು. ನನ್ನ ನಿವೃತ್ತಿಗೆ ಹತ್ತು ತಿಂಗಳು ಬಾಕಿಯಿತ್ತು. ಒಂದು ಖಾಸಗಿ ಕಲಾಸಂಸ್ಥೆಯಲ್ಲಿ ನಾನು ಹಿರಿಯ ಕ್ಯುರೇಟರ್ ಆಗಿದ್ದೆ. ಅಂದರೆ ಪ್ರದರ್ಶನಕ್ಕೆ ಬಂದ ವಸ್ತುಗಳನ್ನು ಪರಿಶೀಲಿಸಿ, ವಿವರ ಬರೆದು, ಜನರ ಮುಂದೆ ಇಡುವುದು ನನ್ನ ಕೆಲಸ. ಆ ಡಿಸೆಂಬರಿನಲ್ಲಿ ಶ್ರೀರಂಗಪಟ್ಟಣದ ಒಂದು ಸಭಾಂಗಣದಲ್ಲಿ ಹನ್ನೆರಡು ದಿನ ಜಪಾನಿನ ಐದು ಕತ್ತಿಗಳ ಪ್ರದರ್ಶನ ಏರ್ಪಾಡಾಯಿತು.

ಐದು ಕತ್ತಿ ಎಂದರೆ ಐದು ಪರಂಪರೆ: ಯಾಮಾಶಿರೊ, ಯಾಮಾತೊ, ಬಿಜೆನ್, ಸೊಶೂ, ಮಿನೊ. ಎಲ್ಲವೂ ಪ್ರಾಂತ್ಯಗಳ ಹೆಸರು. ಅಲಗಿಗೆ ಜೇಡಿಮಣ್ಣು ಮೆತ್ತಿ, ಹರಿತವಾದ ಬಾಯಿಯ ಕಡೆ ಮಾತ್ರ ತೆಳುವಾಗಿ ಬಿಟ್ಟು, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಆಗ ಗಡುಸಾದ ಬಾಯಿಗುಂಟ ಒಂದು ಬಿಳಿ ಗೆರೆ ಮೂಡುತ್ತದೆ. ಅದಕ್ಕೆ ಹಮೋನ್ ಎಂದು ಹೆಸರು. ಆ ಗೆರೆ ಮತ್ತು ಕತ್ತಿಯ ಬಾಗು ನೋಡಿ ಪರಂಪರೆಯನ್ನು ಗುರುತಿಸುತ್ತಾರೆ. ಬಿಜೆನ್ ಕತ್ತಿ ಹಿಡಿಯ ಹತ್ತಿರ ಬಾಗಿರುತ್ತದೆ, ಅದರ ಗೆರೆ ಲವಂಗದ ಮೊಗ್ಗುಗಳನ್ನು ಸಾಲಾಗಿ ಇಟ್ಟಂತೆ. ಮಿನೊ ಕತ್ತಿ ತುದಿಯ ಕಡೆ ಬಾಗುತ್ತದೆ, ಗೆರೆ ಚೂಪುಚೂಪು. ಇದನ್ನೆಲ್ಲ ಪುಸ್ತಕಗಳಿಂದ ತಿಳಿದು ಫಲಕಗಳಿಗೆ ಬರೆದವನು ನಾನೇ.

ಕತ್ತಿಗಳ ಜೊತೆ ಬರಬೇಕಿದ್ದ ಜಪಾನಿ ತಜ್ಞೆಗೆ ವಿಮಾನ ತಪ್ಪಿ ಒಂದು ದಿನ ತಡವಾಯಿತು. ಮರುದಿನವೇ ಉದ್ಘಾಟನೆ. ಕತ್ತಿ ಮುಟ್ಟುವ ತರಬೇತಿ ನನಗೆ ಆಗಿದ್ದರಿಂದ, ಜೋಡಿಸಿಬಿಡಿ ಎಂದು ಆಕೆ ಫೋನಿನಲ್ಲಿ ಒಪ್ಪಿದರು. ಒಂದೊಂದು ಅಲಗನ್ನೂ ಒರೆಯಿಂದ ತೆಗೆದು, ಸಂಖ್ಯೆಯ ಚೀಟಿ ಬಿಚ್ಚಿ, ಫೋಟೊ ತೆಗೆದು, ಮತ್ತೆ ಚೀಟಿ ಕಟ್ಟಿದೆ.

ಮರದ ಸ್ಟ್ಯಾಂಡುಗಳನ್ನು ಮಾಡಿದವರು ನಾಗಮಂಗಲದ ನಂಜುಂಡಾಚಾರಿ. ಐವತ್ತು ದಾಟಿದ ಬಡಗಿ. ಗುತ್ತಿಗೆದಾರನ ಮೂಲಕ ಒಂಬತ್ತು ವರ್ಷದಿಂದ ನಮ್ಮ ಪ್ರದರ್ಶನಗಳಿಗೆಲ್ಲ ಅವರೇ ಕೆಲಸ ಮಾಡುತ್ತಿದ್ದರು. ಪ್ರತಿ ಕತ್ತಿಯ ಬಾಗಿಗೆ ತಕ್ಕಂತೆ ನಕ್ಷೆ ಕೊಟ್ಟಿದ್ದೆ. ಬಿಜೆನ್ ಫಲಕದ ಮೂರನೆಯದನ್ನು ಇಡುವಾಗ ಅವರು ಕೈ ತಡೆದರು.

"ಕೂರ್ತಿಲ್ಲ ಸಾರ್. ನಕ್ಷೆಲಿ ಇಡಿ ತಾವ ಬಾಗು ಅಂತ ಬರ್ದಿದ್ರಿ. ಇದು ತುದಿ ತಾವ ಬಾಗೈತೆ. ಐದ್ನೇದೂ ಇದೂ ಅದ್ಲುಬದ್ಲಾಗವೆ ಅನ್ಸುತ್ತೆ."

"ಸಂಖ್ಯೆ ಸರಿಯಾಗಿದೆ ಆಚಾರ್ರೆ. ಕೂರದಿದ್ದರೆ ಮರ ಸ್ವಲ್ಪ ಕೆತ್ತಿ."

ಅವರು ಕೆತ್ತಲಿಲ್ಲ. ಮೊಬೈಲಿನ ಟಾರ್ಚ್ ಹಚ್ಚಿ, ಮಂಡಿಯೂರಿ, ಬೆಳಕನ್ನು ಓರೆಯಾಗಿ ಅಲಗಿನ ಮೇಲೆ ಬಿಟ್ಟರು. "ನಮ್ಮಪ್ಪ ಕುಡ್ಲು ಕಾಯ್ಸಿ ನೀರು ಕುಡಿಸ್ತಿದ್ರು ಸಾರ್, ಬಾಯಿ ತಾವ ಇಂಗೇ ಗೆರೆ ಬೀಳ್ತಿತ್ತು. ನಿಮ್ ಬೋರ್ಡಲ್ಲಿ ಲವಂಗ ಅಂತೈತೆ. ಇದು ಗರಗಸದ ಅಲ್ಲು ಇದ್ದಂಗೈತೆ. ಒಂದ್ಸಲ ಬಗ್ಗಿ ನೋಡಿ."

ನಾನು ಬಗ್ಗಲಿಲ್ಲ. ಇನ್ನೂ ಆಹ್ವಾನಿತರ ಪಟ್ಟಿ, ಮೈಕು, ಹೂವಿನ ಕೆಲಸ ಬಾಕಿಯಿತ್ತು. "ನಿಮಗೆ ಹೇಳಿದ್ದು ಮರದ ಕೆಲಸ. ಅಷ್ಟು ಮಾಡಿ," ಎಂದೆ. ಅವರು ಎರಡು ಸ್ಟ್ಯಾಂಡುಗಳ ತೋಳುಗಳನ್ನು ಉಳಿಯಿಂದ ಕೆತ್ತಿ, ಕತ್ತಿಗಳನ್ನು ಕೂರಿಸಿಕೊಟ್ಟರು.

ಮರುದಿನ ಬೆಳಿಗ್ಗೆ ತಜ್ಞೆ ಬಂದರು. ಅತಿಥಿಗಳು ಬರಲು ಇನ್ನೂ ಅರ್ಧ ಗಂಟೆ ಇತ್ತು. ಮೂರನೆಯ ಗಾಜಿನ ಮುಂದೆ ನಿಂತವರು ಫಲಕ ಓದಿ, ಕತ್ತಿ ನೋಡಿ, ಐದನೆಯದರ ಕಡೆಗೆ ಬೇಗ ಬೇಗ ನಡೆದರು. ಬಿಜೆನ್ ಕತ್ತಿಯ ಕೆಳಗೆ ಮಿನೊ ಎಂಬ ಫಲಕ, ಮಿನೊ ಕತ್ತಿಯ ಕೆಳಗೆ ಬಿಜೆನ್. ಫೋಟೊ ತೆಗೆಯುವಾಗ ಚೀಟಿ ಬಿಚ್ಚಿ ಕಟ್ಟಿದವನು ನಾನೇ ಎಂದು ಆ ಕ್ಷಣವೇ ನೆನಪಾಯಿತು.

"ಯಾರ ಕೆಲಸ ಇದು?" ನಮ್ಮ ನಿರ್ದೇಶಕರು ಕೇಳಿದರು.

"ಸ್ಟ್ಯಾಂಡು ಕೂರಿಸಿದ್ದು ಬಡಗಿ ಸರ್," ಎಂದೆ.

ನಿರ್ದೇಶಕರು ಬಗ್ಗಿ ನೋಡಿದರು. ಕೆತ್ತಿದ ಮರ ಹಸಿಯಾಗಿ ಕಾಣುತ್ತಿತ್ತು. "ನೋಡಿ, ಕತ್ತಿ ಕೂರಲಿಲ್ಲ ಅಂತ ಮರಾನೇ ಕೆತ್ತಿದ್ದಾನೆ. ಕೇಳೋದು ಬೇಡವಾ?" ಎಂದರು. ಆಚಾರಿ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದರು. ನನ್ನ ಕಡೆ ನೋಡಿದರು. ನಾನು ಹೇಳುತ್ತೇನೆಂದು ಕಾದರು. ನಾನು ಫಲಕದ ಮೊಳೆ ಸರಿಮಾಡುವವನಂತೆ ತಿರುಗಿಕೊಂಡೆ. ನಿರ್ದೇಶಕರು ಅಲ್ಲಿಯೇ ಗುತ್ತಿಗೆದಾರನಿಗೆ ಫೋನ್ ಮಾಡಿ, ಈ ಮನುಷ್ಯನನ್ನು ಇನ್ನು ಕಳಿಸಬೇಡಿ ಎಂದರು.

ಅತಿಥಿಗಳು ಬರುವ ಮೊದಲು ಎರಡೂ ಫಲಕಗಳನ್ನು ಬದಲಿಸಿದೆವು. ಪ್ರದರ್ಶನ ಚೆನ್ನಾಗಿಯೇ ನಡೆಯಿತು. ತಜ್ಞೆ ಸಣ್ಣ ದೀಪವೊಂದನ್ನು ಓರೆಯಾಗಿ ಹಿಡಿದು ಜನರಿಗೆ ತೋರಿಸುತ್ತಿದ್ದರು. ಯಾಮಾಶಿರೊದ ತಣ್ಣನೆಯ ನೇರ ಗೆರೆ, ಯಾಮಾತೊದ ಉಕ್ಕಿನೊಳಗೆ ಮರದ ಎಳೆಯಂತೆ ನೇರವಾಗಿ ಹರಿದ ರೇಖೆಗಳು, ಸೊಶೂವಿನಲ್ಲಿ ಕುದಿವ ನೀರಿನಂತೆ ಏಳುವ ಅಲೆ. ಪಾಂಡವಪುರದಿಂದ ಬಂದಿದ್ದ ಕಾಲೇಜಿನ ಹುಡುಗಿಯರು ಉಸಿರು ಬಿಗಿಹಿಡಿದು ನೋಡಿದರು. ಮೂವತ್ತೊಂದು ವರ್ಷದ ವೃತ್ತಿಯಲ್ಲಿ ನಾನೂ ಮೊದಲ ಸಲ ಕತ್ತಿಯನ್ನು ಹಾಗೆ ನೋಡಿದೆ. ಅದೇ ಬೆಳಕನ್ನು ಉದ್ಘಾಟನೆಯ ಹಿಂದಿನ ದಿನ ಒಬ್ಬರು ನನಗಾಗಿ ಹಿಡಿದಿದ್ದರು.

ನಿವೃತ್ತನಾದ ಮೇಲೆ ನಾಗಮಂಗಲಕ್ಕೆ ಹೋದೆ. ಆಚಾರಿ ಬೆಳ್ಳೂರು ಕ್ರಾಸಿನ ಒಂದು ಹೋಟೆಲಿನಲ್ಲಿ ಮೇಜು ಕುರ್ಚಿ ರಿಪೇರಿ ಮಾಡುತ್ತಿದ್ದಾರೆ ಎಂದು ಅವರ ಮನೆಯವರು ಹೇಳಿದರು. ಅಲ್ಲಿಗೆ ಹೋದೆ. ನನ್ನನ್ನು ಕಂಡು ಎದ್ದು ನಿಂತು, ಕಾಫಿ ತರಿಸಿದರು.

"ಅವತ್ತಿನ ತಪ್ಪು ನನ್ನದು ಆಚಾರ್ರೆ. ಅದನ್ನು ಹೇಳೋಕೆ ಬಂದೆ."

"ಅದು ನಂಗೆ ಗೊತ್ತಲ್ಲ ಸಾರ್," ಎಂದರು ಮೆಲ್ಲಗೆ. "ಗೊತ್ತಿಲ್ದೆ ಇರೋರ್ಗೆ ಏಳಿದ್ರಾ?"

ನಾನು ಹೇಳಿರಲಿಲ್ಲ. ಕಾಫಿ ಕುಡಿದು ಎದ್ದೆ.

ಆ ವಾರವೇ ನಿರ್ದೇಶಕರಿಗೂ ತಜ್ಞೆಗೂ ಪತ್ರ ಬರೆದೆ. ನಿರ್ದೇಶಕರು, ಮುಗಿದ ವಿಷಯ, ಈಗ ಬೇರೆ ಬಡಗಿ ಇದ್ದಾರೆ ಎಂದು ಉತ್ತರಿಸಿದರು. ತಜ್ಞೆ, ಬಾಗು, ಗೆರೆ ನೋಡಿಯೇ ಪರಂಪರೆ ಗುರುತಿಸಿದ ಆ ವ್ಯಕ್ತಿಯನ್ನು ಒಮ್ಮೆ ಭೇಟಿಯಾಗಬೇಕಿತ್ತು ಎಂದು ಬರೆದಿದ್ದರು. ಅದನ್ನು ಆಚಾರಿಗೆ ಫೋನಿನಲ್ಲಿ ಓದಿ ಹೇಳಿದೆ. "ಆಯ್ತು ಬುಡಿ ಸಾರ್, ಕೆಲ್ಸ ಐತೆ," ಎಂದು ಫೋನ್ ಇಟ್ಟರು.

ವಸ್ತುವಿನ ಬಗ್ಗೆ ಬರೆಯುವವನು ಮೊದಲು ವಸ್ತುವನ್ನು ನೋಡಬೇಕು, ತನಗಿಂತ ಚೆನ್ನಾಗಿ ನೋಡಿದವರ ಹೆಸರನ್ನು ನಾಲ್ಕು ಜನರ ಎದುರು, ಆಗಲೇ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನಾನು ಕಲಿಯುವ ಹೊತ್ತಿಗೆ ಕೆಲಸ ಕಳೆದುಕೊಂಡವರು ಆಚಾರಿ.