ಅಣ್ಣನ ಬೇಸ್‌ಬಾಲ್ ಗ್ಲೌಸು

ಇವತ್ತು ಯಲಹಂಕದಲ್ಲಿ ಚಪ್ಪಲಿ ಹೊಲಿಸೋಕೆ ನಿಂತಿದ್ದೆ. ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೇ ಹೊಟ್ಟೆಕಿಚ್ಚು ಎದ್ದು ಕೂತಿತು.

ನಮ್ಮಣ್ಣ ರಾಜ್ಯ ತಂಡದಲ್ಲಿ ಬೇಸ್‌ಬಾಲ್ ಆಡ್ತಿದ್ದ. ನಾನು ಐದನೇ ಕ್ಲಾಸಲ್ಲಿದ್ದಾಗ, ಬೆಳಗ್ಗೆ ಪ್ರಾಕ್ಟೀಸಿಗೆ ಹೊರಟವನು ಚಿಕ್ಕಜಾಲದ ಹತ್ರ ಬೈಕಿಂದ ಬಿದ್ದು ತೀರಿಕೊಂಡ. ಆಮೇಲೆ ಮನೇಲಿ ಎಲ್ಲಾ ಅವನದೇ ಮಾತು. ಮಹಾಲಯ ಅಮಾವಾಸ್ಯೆ ದಿನ ಅವನಿಗೆ ಎಡೆ ಇಡೋವರೆಗೂ ನನಗೊಂದು ವಡೆಯೂ ಸಿಗ್ತಿರಲಿಲ್ಲ.

ದೇವರ ಮನೆ ಹತ್ರ ಚರ್ಮ ಸುಳೀಬಾರದು ಅಂತ ನಮ್ಮಜ್ಜಿ ನನ್ನ ಬೆಲ್ಟನ್ನೂ ಬಾಗಿಲಾಚೆ ಬಿಚ್ಚಿಸ್ತಿದ್ಲು. ಅಂಥವಳು ಅವನ ಗ್ಲೌಸನ್ನ ಫೋಟೋ ಮುಂದೆ, ಎಡೆ ಪಕ್ಕದಲ್ಲೇ ಇಟ್ಟು ಕುಂಕುಮ ಹಚ್ಚಿದಳು.

"ಅದೂ ಚರ್ಮಾನೇ ಅಲ್ವಾ ಅಜ್ಜಿ?" ಅಂದೆ.

"ಮುಚ್ಚೋ ಬಾಯಿ. ಅದು ಅವನ ಕೈ."

ಯಾರೂ ಇಲ್ಲದಾಗ ಗ್ಲೌಸಿನೊಳಗೆ ಕೈ ಹಾಕಿ ನೋಡಿದೆ. ನನ್ನ ಬೆರಳು ಅರ್ಧಕ್ಕೇ ಮುಗಿದುಹೋಯ್ತು.

ಈಗ ನನಗೆ ಅವನಿಗಿಂತ ಜಾಸ್ತಿ ವಯಸ್ಸು. ಇವತ್ತು ಮನೆಗೆ ಬಂದವನೇ ಗ್ಲೌಸ್ ಇಳಿಸಿ ಕೈ ತೂರಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮ ನೋಡ್ತಿದ್ಲು.

"ಅವನಿಗೆ ಬಿಗಿಯಾಗ್ತಿತ್ತು ಕಣೋ," ಅಂದ್ಲು.