ಕಂಕುಳ ಬಿಸಿಯ ಡಾಕ್ಟರು

ವೀರರಿಗೆ ಕತ್ತಿ ಗುರಾಣಿಗಳಿದ್ದಂತೆ ಈ ಮಕ್ಕಳ ಡಾಕ್ಟರಿಗೆ ಕಂಕುಳಿತ್ತು. ಮಗುವಿನ ಎದೆಗೆ ಇಡುವ ಮೊದಲು ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಲ್ಲಿ ಸಿಕ್ಕಿಸಿಕೊಂಡು, ಕಾವಿಗೆ ಕೂತ ಕೋಳಿಯಂತೆ ಕಣ್ಣು ಮುಚ್ಚುತ್ತಿದ್ದರು. ಆ ಬಿಸಿಗೆ ಹಟಮಾರಿ ಕೂಸುಗಳೂ ನಕ್ಕಿದ್ದವಂತೆ. ಹುಟ್ಟಿದಾಗಿನಿಂದ ನಕ್ಕೇ ಇರದ ಅನಾಥಾಲಯದ ಮ್ಯಾನೇಜರೂ ಒಮ್ಮೆ ನಕ್ಕಿದ್ದರಂತೆ.

ಪ್ರತಿ ಗುರುವಾರ ಅವರು ಅನಾಥಾಲಯಕ್ಕೆ ಬರುತ್ತಿದ್ದರು. ದತ್ತು ಹೋಗಲಿರುವ ಮಗುವನ್ನು ಪರೀಕ್ಷಿಸಿ ವರದಿ ಬರೆಯಬೇಕು. ಅದನ್ನು ಓದಿದ ಮೇಲೆಯೇ ದತ್ತು ಪಡೆಯುವ ದಂಪತಿಯ ಸಹಿ. ಹಾಗಾಗಿ ಅಲ್ಲಿನ ಮಕ್ಕಳ ಪ್ರಕಾರ, ಕಂಕುಳ ಬಿಸಿ ತಗುಲಿದವರು ಮನೆಗೆ ಹೋಗುತ್ತಾರೆ.

ಅವತ್ತು ಸರದಿ ನಾಲ್ಕು ವರ್ಷದ ಬುಗುರಿಯದು. ನಿಂತಲ್ಲಿ ನಿಲ್ಲದ್ದಕ್ಕೆ ಆ ಹೆಸರು. ದಂಪತಿ ಅವಳಿಗೆ ಕೆಂಪು ಬೂಟು ತಂದಿದ್ದರು. ಡಾಕ್ಟರು ಎದೆ ಆಲಿಸಿದರು, ಸ್ಕ್ಯಾನಿಂಗ್ ಕಾಗದ ತಿರುವಿದರು, ಬರೆದರು: ಹೃದಯದಲ್ಲಿ ಸಣ್ಣ ರಂಧ್ರ. ತಾನಾಗಿ ಮುಚ್ಚಬಹುದು, ಇಲ್ಲದಿದ್ದರೆ ಆಪರೇಷನ್.

"ಓಡ್ತಾಳೆ, ಕುಣೀತಾಳೆ, ನಿಮ್ಮ ತಲೆ ತಿಂತಾಳೆ. ಹೆದರ್ಬೇಡಿ," ಎಂದೂ ಹೇಳಿದರು.

ದಂಪತಿ ಕಾರಿಡಾರಿನಲ್ಲಿ ಅರ್ಧ ಗಂಟೆ ಪಿಸುಗುಟ್ಟಿ ಬಂದರು. "ನಮ್ಮ ಕೈಲಾಗಲ್ಲ ಡಾಕ್ಟ್ರೇ," ಎಂದಳು ಹೆಂಡತಿ, ತಲೆ ಎತ್ತದೆ. ಬೂಟಿನ ಡಬ್ಬಿ ಬೆಂಚಿನ ಮೇಲೆಯೇ ಉಳಿಯಿತು.

ಆಯಾ ಉರಿದುಬಿದ್ದಳು. "ಆ ಒಂದು ಸಾಲು ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಬಂದ್ಬಿಟ್ರು ದೊಡ್ಡ ಸತ್ಯವಂತರು."

"ಹಿಂದೆ ಒಂದ್ಸಲ ಬಿಟ್ಟಿದ್ನಲ್ಲ. ಮರ್ತ್ರಾ?"

ಆಯಾ ಮರೆತಿರಲಿಲ್ಲ. ಒಂದು ಕೂಸಿಗೆ ಫಿಟ್ಸ್ ಬರುವುದನ್ನು ಡಾಕ್ಟರು ಕನಿಕರಕ್ಕೆ ಬಿದ್ದು ಬರೆದಿರಲಿಲ್ಲ. ಕರೆದೊಯ್ದವರು ಎಂಟು ತಿಂಗಳಿಗೆ ವಾಪಸ್ ತಂದು ಬಿಟ್ಟರು. ಅಷ್ಟರಲ್ಲಿ ಕೂಸು 'ಅಮ್ಮ' ಎನ್ನಲು ಕಲಿತಿತ್ತು. ಗೇಟಿನ ಸರಳು ಹಿಡಿದು ವಾರಗಟ್ಟಲೆ ಅದೊಂದನ್ನೇ ಹೇಳಿತು.

ಹೊರಗೆ ಕಾರು ಹೊರಟಿತು. ಬಾಗಿಲಲ್ಲಿ ಬುಗುರಿ, ಜೀವಮಾನದಲ್ಲಿ ಮೊದಲ ಸಲ, ಅಲ್ಲಾಡದೆ ನಿಂತಿದ್ದಳು. ಕಾಲಲ್ಲಿ ಕೆಂಪು ಬೂಟು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಫ್ರಾಕನ್ನು ಗಲ್ಲದವರೆಗೆ ಎತ್ತಿ ಹಿಡಿದಳು.

"ಡಾಕ್ಟರ್ ಮಾಮ, ಆಗ ಸರಿಯಾಗಿ ಬಿಸಿ ಆಗಿರ್ಲಿಲ್ಲ. ಇನ್ನೊಂದ್ಸಲ ಮಾಡಿ."

ಡಾಕ್ಟರು ಬಿಲ್ಲೆಯನ್ನು ಕಂಕುಳಿಗೆ ಸಿಕ್ಕಿಸಿ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

ಆಯಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ಯಾಕೆ ಡಾಕ್ಟ್ರೇ ಅದೆಲ್ಲ? ಅವರು ಹೋಗಿ ಆಯ್ತಲ್ಲ."

"ಇನ್ನೂ ತಣ್ಣಗಿದೆ," ಎಂದರು ಡಾಕ್ಟರು.